ಉತ್ತರಗಳ ಹಿಂದೆ ಅಡಗಿದ ತಾರೆ: ಸಾಮಾನ್ಯ ಜ್ಞಾನದ ಕನೆಕ್ಟ್ ಸುತ್ತು ಕಟ್ಟುವುದು ಹೇಗೆ?

ಬಾಲಕ ಗಾಂಧಿಯನ್ನು ಬಿಡದೆ ಕಾಡಿದ ನಾಟಕದ ನಾಯಕ. ಮಗ್ಗದ ಮುಂದೆ ಕೂತು ದೋಹೆ ಹಾಡಿದ ಸಂತ. ರಾಗಿಗೂ ಅಕ್ಕಿಗೂ ಜಗಳ ಹಚ್ಚಿ ಕಾವ್ಯ ಬರೆದ ದಾಸ. ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದ ದೊರೆ. ಹರಿಶ್ಚಂದ್ರ, ಕಬೀರ, ಕನಕದಾಸ, ಇಮ್ಮಡಿ ಪುಲಕೇಶಿ. ಒಬ್ಬ ಪುರಾಣದವನು, ಇಬ್ಬರು ಭಕ್ತಿಪಂಥದವರು, ಇನ್ನೊಬ್ಬ ಏಳನೇ ಶತಮಾನದ ಅರಸ. ಈ ನಾಲ್ವರೂ ಒಂದೇ ಸಾಲಿನಲ್ಲಿ ಏಕೆ ನಿಂತಿದ್ದಾರೆ ಎಂದು ಕೇಳಿದರೆ ಇತಿಹಾಸ ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ ಸಿನಿಮಾ ಪ್ರೇಮಿಯೊಬ್ಬರು ಎದ್ದು ನಿಂತು "ಅಣ್ಣಾವ್ರು!" ಎನ್ನುತ್ತಾರೆ. ನಾಲ್ಕೂ ಡಾ. ರಾಜ್‌ಕುಮಾರ್ ತೆರೆಯ ಮೇಲೆ ಮಾಡಿದ ಪಾತ್ರಗಳು.

ಇಂಥ ಸುತ್ತನ್ನು ರಸಪ್ರಶ್ನೆಯವರು ಕನೆಕ್ಟ್ ಎನ್ನುತ್ತಾರೆ, ಕೊಂಡಿ ಸುತ್ತು ಎಂದೂ ಕರೆಯಬಹುದು. ಐದಾರು ಸಾಮಾನ್ಯ ಜ್ಞಾನದ ಪ್ರಶ್ನೆ, ಅವುಗಳ ಉತ್ತರಗಳನ್ನೆಲ್ಲ ಕಟ್ಟಿಹಾಕುವ ಒಂದು ಗುಪ್ತ ಕೊಂಡಿ, ಇಲ್ಲಿ ಆ ಕೊಂಡಿ ಒಬ್ಬ ಚಿತ್ರತಾರೆ. ಶಾಲೆಯ ವಾರ್ಷಿಕೋತ್ಸವಕ್ಕೋ, ಕನ್ನಡ ಸಂಘದ ರಾಜ್ಯೋತ್ಸವಕ್ಕೋ, ಕಚೇರಿಯ ಸ್ಪರ್ಧೆಗೋ ಸುತ್ತೊಂದನ್ನು ನೀವೇ ತಯಾರಿಸಬೇಕೆಂದಿದ್ದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ, ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ನನ್ನ ಆಗ್ರಹ ಒಂದೇ: ಕೊಂಡಿಯನ್ನು ಕಿತ್ತು ಹಾಕಿದರೂ ಪ್ರತಿ ಪ್ರಶ್ನೆಯೂ ಕೇಳಲು ಯೋಗ್ಯವಾದ ಪ್ರಶ್ನೆಯಾಗಿ ಉಳಿಯಬೇಕು.

ಹಂತ 1: ಮೊದಲು ತಾರೆ, ಆಮೇಲೆ ಪ್ರಶ್ನೆ

ಕೈಯಲ್ಲಿರುವ ಹಳೆಯ ಪ್ರಶ್ನೆಗಳನ್ನು ಹರಡಿಕೊಂಡು ಅವುಗಳ ನಡುವೆ ಕೊಂಡಿ ಹುಡುಕಲು ಹೋಗಬೇಡಿ. ಆ ದಾರಿಯಲ್ಲಿ ಸಿಗುವುದು ಎಳೆದು ತಂದ ಕೊಂಡಿ. ತಾರೆಯನ್ನು ಮೊದಲು ಆರಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಯಾರನ್ನು ಆರಿಸುವುದು? ಎದುರಿಗೆ ಕೂರುವವರ ವಯಸ್ಸು ನೋಡಿ. ಐವತ್ತು ದಾಟಿದವರಿಗೆ ರಾಜ್‌ಕುಮಾರ್ ಅವರ ಕಪ್ಪು-ಬಿಳುಪಿನ ಚಿತ್ರಗಳೂ ನಾಲಿಗೆ ತುದಿಯಲ್ಲಿರುತ್ತವೆ. ಹೈಸ್ಕೂಲು ಮಕ್ಕಳಿಗೆ ಪುನೀತ್ ಹತ್ತಿರ. ಇಬ್ಬರೂ ಸೇರುವ ಸಭೆಯಾದರೆ ಅಪ್ಪ-ಮಗ ಇಬ್ಬರಿಗೂ ತಗಲುವ ಕೊಂಡಿಯನ್ನೇ ಯೋಚಿಸಬಹುದು. 1983ರ ಭಕ್ತ ಪ್ರಹ್ಲಾದದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಆಗ ಮಾಸ್ಟರ್ ಲೋಹಿತ್ ಎಂದೇ ಹೆಸರಾಗಿದ್ದ ಪುನೀತ್ ಪ್ರಹ್ಲಾದ. ಅಪ್ಪ-ಮಗ ಇಬ್ಬರೂ ತೆರೆಯ ಮೇಲೂ ಅಪ್ಪ-ಮಗ.

ತಾರೆ ಎಷ್ಟು ದೊಡ್ಡವರು ಎನ್ನುವುದಕ್ಕಿಂತ ಅವರ ಬದುಕು, ಪಾತ್ರಗಳು ಸಿನಿಮಾದ ಹೊರಗಿನ ಲೋಕವನ್ನು ಎಷ್ಟು ಕಡೆ ಮುಟ್ಟುತ್ತವೆ ಎನ್ನುವುದು ಮುಖ್ಯ. ಈ ಲೆಕ್ಕದಲ್ಲಿ ರಾಜ್‌ಕುಮಾರ್ ಅವರಿಗೆ ಸಾಟಿ ಸಿಗುವುದು ಕಷ್ಟ. ಕದಂಬ, ಚಾಲುಕ್ಯ, ವಿಜಯನಗರ, ಮೈಸೂರು ಒಡೆಯರು, ದಾಸರು, ಸಂತರು, ಪುರಾಣ, ಸಂಸ್ಕೃತ ಕಾವ್ಯ, ಯಾವ ಬಾಗಿಲು ತಟ್ಟಿದರೂ ಅಲ್ಲೊಂದು ಪಾತ್ರ ಸಿಗುತ್ತದೆ.

ಹಂತ 2: ಯಾವ ಬಗೆಯ ಕೊಂಡಿ?

ಪಾತ್ರಗಳ ಕೊಂಡಿ ಎಲ್ಲಕ್ಕಿಂತ ಗಟ್ಟಿ. ಉತ್ತರ ವ್ಯಕ್ತಿಯ ಹೆಸರಾಗಿರುತ್ತದೆ, ಆ ವ್ಯಕ್ತಿಯ ಬಗ್ಗೆ ಸಿನಿಮಾಕ್ಕೆ ಸಂಬಂಧವೇ ಇಲ್ಲದ ನೂರು ಸಂಗತಿ ಇರುತ್ತವೆ, ಹಾಗಾಗಿ ಪ್ರಶ್ನೆ ಬರೆಯುವವರಿಗೆ ಕೈಕಾಲು ಆಡಿಸಲು ಜಾಗ ಇರುತ್ತದೆ.

ಶೀರ್ಷಿಕೆಗಳ ಕೊಂಡಿ ಇನ್ನೊಂದು. ಪ್ರಾಣಿ, ಹೂವು, ನದಿ, ದಿನ ಬಳಸುವ ಮಾತು ಚಿತ್ರದ ಹೆಸರೂ ಆಗಿರುವ ಕಡೆ ಇದು ಚೆನ್ನಾಗಿ ಕೂರುತ್ತದೆ. ಆದರೆ ಕನ್ನಡದಲ್ಲಿ ಹೆಸರುಗಳು ಮರುಬಳಕೆಯಾಗುವುದು ಹೆಚ್ಚು, ಅದರ ತೊಂದರೆ ನಾಲ್ಕನೇ ಹಂತದಲ್ಲಿ ಬರುತ್ತದೆ.

ತಾರೆಯ ಹೆಸರೇ ಕೊಂಡಿಯಾಗುವುದುಂಟು. ದೂರ್ವಾಸರ ಕೋಪಕ್ಕೆ ಗುರಿಯಾದ, ವಿಷ್ಣುಚಕ್ರ ಕಾಪಾಡಿದ ರಾಜ ಯಾರೆಂದರೆ ಅಂಬರೀಷ. ಬಿಟ್ಟಿದೇವನೆಂದು ಹುಟ್ಟಿ ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ. ಅಮರನಾಥ್, ಸಂಪತ್ ಕುಮಾರ್ ಎಂಬಿಬ್ಬರು ಹುಡುಗರು ತೆರೆಗೆ ಬಂದು ಈ ಹೆಸರು ಪಡೆದದ್ದು ಗೊತ್ತಿದ್ದವರಿಗೆ ಇದು ಸಲೀಸು. ಆದರೆ ಇಲ್ಲಿ ಮೊದಲ ಉತ್ತರಕ್ಕೇ ಗುಟ್ಟು ಒಡೆಯುತ್ತದೆ. ಇಂಥ ಪ್ರಶ್ನೆಯನ್ನು ಇಡಲೇಬೇಕೆಂದರೆ ಸುತ್ತಿನ ಕೊನೆಗೆ ಇಡಿ.

ಬದುಕಿನ ಎಳೆಗಳ ಕೊಂಡಿ ನನಗೆ ವೈಯಕ್ತಿಕವಾಗಿ ತುಂಬ ಇಷ್ಟ. ಪುನೀತ್ ಅವರನ್ನೇ ತೆಗೆದುಕೊಳ್ಳಿ. ವೆನಿಲಾ ಬಳ್ಳಿ ಯಾವ ಹೂಗಳ ಕುಟುಂಬಕ್ಕೆ ಸೇರಿದ್ದು? ಆರ್ಕಿಡ್. 1967ರ ಸಾಲಿನ ಜ್ಞಾನಪೀಠವನ್ನು ಕುವೆಂಪು ಅವರಿಗೆ ತಂದ ಮಹಾಕಾವ್ಯ? ಶ್ರೀ ರಾಮಾಯಣ ದರ್ಶನಂ. ಸಸ್ಯಶಾಸ್ತ್ರಕ್ಕೂ ಮಹಾಕಾವ್ಯಕ್ಕೂ ಎತ್ತಣಿಂದೆತ್ತ ಸಂಬಂಧ? ಬೆಟ್ಟದ ಹೂವು ನೋಡಿದವರಿಗೆ ಗೊತ್ತು: ಆ ಪುಟ್ಟ ರಾಮು ಕಾಡಿನಿಂದ ಆರ್ಕಿಡ್ ಹೂ ತಂದುಕೊಟ್ಟು ಕಾಸು ಕೂಡಿಡುವುದು ಶ್ರೀ ರಾಮಾಯಣ ದರ್ಶನಂ ಕೊಳ್ಳಬೇಕೆಂಬ ಆಸೆಯಿಂದ. ಆ ಪಾತ್ರಕ್ಕೆ ಪುನೀತ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಮೂರನೆಯದಾಗಿ, 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಅವರಿಗೆ ಮೊದಲು ಸಂದ ಗೌರವ ಯಾವುದೆಂದು ಕೇಳಿ: ಕರ್ನಾಟಕ ರತ್ನ. 2022ರ ನವೆಂಬರ್ 1ರಂದು ಪುನೀತ್ ಅವರಿಗೂ ಅದು ಮರಣೋತ್ತರವಾಗಿ ಸಂದಿತು. ಇಂಥ ಕೊಂಡಿ ಬಿಚ್ಚಿಕೊಂಡಾಗ ಸಭೆ ಒಂದು ಕ್ಷಣ ಮಾತಿಲ್ಲದೆ ಕೂತು ಆಮೇಲೆ ಚಪ್ಪಾಳೆ ಹೊಡೆಯುತ್ತದೆ.

ಬದುಕಿನ ಎಳೆ ಹಿಡಿಯುವಾಗ ಒಂದು ಮರ್ಯಾದೆ ಇರಲಿ. 2000ದಲ್ಲಿ ರಾಜ್‌ಕುಮಾರ್ 108 ದಿನ ಅಪಹರಣದಲ್ಲಿದ್ದರು. 108 ಎಂಬ ಸಂಖ್ಯೆ ಎಲ್ಲಿ ಬೇಕಾದರೂ ಸಿಗುತ್ತದೆ, ಕೊಂಡಿ ಮಾಡುವುದು ಸುಲಭ. ಆದರೂ ಒಂದು ಕುಟುಂಬದ, ಒಂದು ನಾಡಿನ ಆತಂಕದ ದಿನಗಳನ್ನು ಹತ್ತು ಅಂಕದ ಒಗಟು ಮಾಡಬಾರದು. ಕಾಯಿಲೆ, ಸಾವು, ಜಾತಿ, ಮನೆಯ ಜಗಳ ಇವನ್ನೂ ದೂರ ಇಡಿ.

ಇನ್ನು ಅಕ್ಷರಗಳ ಕೊಂಡಿ. ಉತ್ತರಗಳ ಮೊದಲಕ್ಷರ ಕೂಡಿಸಿದರೆ ತಾರೆಯ ಹೆಸರು ಬರಬೇಕು. ಕನ್ನಡದಲ್ಲಿ ಇದನ್ನು ಮಾಡುವಾಗ ಒತ್ತಕ್ಷರ, ಅರ್ಧಾಕ್ಷರ ಕಾಡುತ್ತವೆ. ರಾಜ್‌ಕುಮಾರ್ ಎಂಬುದರಲ್ಲಿ 'ಜ್' ಇದೆ, ಅವರ ಮೂಲ ಹೆಸರು ಮುತ್ತುರಾಜ್ ಎಂದರೆ 'ತ್ತು' ಬರುತ್ತದೆ. ಇವುಗಳಿಂದ ಶುರುವಾಗುವ ಉತ್ತರ ಎಲ್ಲಿಂದ ತರುವುದು? ಹಾಗಾಗಿ ಬಿಡಿ ಅಕ್ಷರಗಳ ಹೆಸರನ್ನೇ ಆರಿಸಬೇಕು. 'ಅನಂತನಾಗ' ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ: ಅ, ನಂ, ತ, ನಾ, ಗ. ಕವಿರಾಜಮಾರ್ಗ ಯಾವ ರಾಷ್ಟ್ರಕೂಟ ದೊರೆಯ ಆಸ್ಥಾನದಲ್ಲಿ ಹುಟ್ಟಿತು? ಅಮೋಘವರ್ಷ. ಮುದ್ದಣನ ಹುಟ್ಟೂರು? ನಂದಳಿಕೆ. ಬ್ರಹ್ಮಗಿರಿಯ ಮಡಿಲಲ್ಲಿ ನದಿಯೊಂದು ಹುಟ್ಟುವ ಕ್ಷೇತ್ರ? ತಲಕಾವೇರಿ. ಕುಮಾರವ್ಯಾಸನ ನಿಜನಾಮ? ನಾರಣಪ್ಪ. ಇಂಡೊನೇಷ್ಯಾದ ರಾಷ್ಟ್ರಲಾಂಛನದಲ್ಲಿರುವ ಪುರಾಣದ ಪಕ್ಷಿ? ಗರುಡ. 'ಗ'ಕ್ಕೆ ಭೀಮಸೇನ ಜೋಶಿಯವರ ಊರು ಗದಗ ಇಡೋಣ ಎನ್ನಿಸುತ್ತದೆ. ಆದರೆ ಪಕ್ಕದಲ್ಲೇ ಗದುಗಿನ ನಾರಣಪ್ಪ ಕೂತಿದ್ದಾನೆ, ತಂಡಗಳು ಗದಗ ಜಿಲ್ಲೆಯ ಜಾಡು ಹಿಡಿದು ಹೋಗುತ್ತವೆ. ಗರುಡನೇ ಇರಲಿ.

ಹಂತ 3: ಉದ್ದನೆಯ ಪಟ್ಟಿ, ಸಣ್ಣ ಕಣ್ಣಿನ ಜರಡಿ

ಆರು ಪ್ರಶ್ನೆ ಬೇಕಿದ್ದರೆ ಹದಿನೈದು ಉತ್ತರಗಳ ಪಟ್ಟಿ ಮಾಡಿಕೊಳ್ಳಿ. ರಾಜ್‌ಕುಮಾರ್ ಪಾತ್ರಗಳಿಗೆ ನನ್ನ ಪಟ್ಟಿ ಹೀಗೆ ಸಾಗುತ್ತದೆ: ಬೇಡರ ಕಣ್ಣಪ್ಪ (1954), ಭೂಕೈಲಾಸದ ರಾವಣ (1958), ಭಕ್ತ ಕನಕದಾಸ ಮತ್ತು ರಣಧೀರ ಕಂಠೀರವ (ಎರಡೂ 1960), ಮಹಾತ್ಮ ಕಬೀರ್ (1962), ಸಂತ ತುಕಾರಾಂ (1963), ನವಕೋಟಿ ನಾರಾಯಣದ ಪುರಂದರದಾಸ (1964), ಸತ್ಯ ಹರಿಶ್ಚಂದ್ರ (1965), ಮಂತ್ರಾಲಯ ಮಹಾತ್ಮೆಯ ರಾಘವೇಂದ್ರ ಸ್ವಾಮಿ (1966), ಇಮ್ಮಡಿ ಪುಲಿಕೇಶಿ (1967), ಶ್ರೀ ಕೃಷ್ಣದೇವರಾಯ (1970), ಭಕ್ತ ಕುಂಬಾರದ ಗೋರ (1974), ಮಯೂರ (1975), ಬಭ್ರುವಾಹನದಲ್ಲಿ ಅರ್ಜುನ ಮತ್ತು ಬಭ್ರುವಾಹನ ಎರಡೂ (1977), ಕವಿರತ್ನ ಕಾಳಿದಾಸ (1983).

ಈಗ ಜರಡಿ. ನೆನಪನ್ನು ನಂಬುವಂತಿಲ್ಲ. ಹಳೆಯ ಐತಿಹಾಸಿಕ, ಪೌರಾಣಿಕ ಚಿತ್ರಗಳನ್ನೆಲ್ಲ ರಾಜ್‌ಕುಮಾರ್ ಖಾತೆಗೆ ಬರೆದುಬಿಡುವುದು ನಮ್ಮಲ್ಲಿ ಸಾಮಾನ್ಯ. ಜಕಣಾಚಾರಿಯನ್ನು ನೋಡಿ. ಬೇಲೂರಿನ ಶಿಲ್ಪಿಯ ದಂತಕತೆ, ಕಪ್ಪೆ ಚೆನ್ನಿಗರಾಯನ ಕತೆ, ಎಷ್ಟು ಚೆಂದದ ಪ್ರಶ್ನೆ! ಆದರೆ 1964ರ ಅಮರಶಿಲ್ಪಿ ಜಕಣಾಚಾರಿಯ ನಾಯಕ ಕಲ್ಯಾಣ್ ಕುಮಾರ್. ಬಸವಣ್ಣನವರೂ ಹಾಗೆಯೇ: 1959ರ ಜಗಜ್ಯೋತಿ ಬಸವೇಶ್ವರದಲ್ಲಿ ಆ ಪಾತ್ರ ಮಾಡಿದವರು ಹೊನ್ನಪ್ಪ ಭಾಗವತರ್. ಚಿತ್ರದಲ್ಲಿ ತಾರೆ ಇದ್ದರೆ ಸಾಲದು, ಯಾವ ಪಾತ್ರದಲ್ಲಿದ್ದರು ಎಂಬುದು ಖಚಿತವಾಗಬೇಕು. ಶ್ರೀ ಕೃಷ್ಣದೇವರಾಯದಲ್ಲಿ ದೊರೆ ರಾಜ್‌ಕುಮಾರ್, ಮಹಾಮಂತ್ರಿ ತಿಮ್ಮರಸು ಆಗಿದ್ದವರು ನಿರ್ದೇಶಕ ಬಿ.ಆರ್. ಪಂತುಲು. ತಿಮ್ಮರಸುವನ್ನು ಉತ್ತರ ಮಾಡಿದರೆ ಕೊಂಡಿ ಕಳಚುತ್ತದೆ.

ಖಚಿತಪಡಿಸಿಕೊಳ್ಳಲು ಚಿತ್ರವನ್ನೇ ನೋಡುವುದು ಎಲ್ಲಕ್ಕಿಂತ ಒಳ್ಳೆಯದು, ಬಹಳಷ್ಟು ಹಳೆಯ ಚಿತ್ರಗಳು ಈಗ ಯೂಟ್ಯೂಬಿನಲ್ಲಿವೆ. ಮೊದಲ ಎರಡು ನಿಮಿಷದ ಹೆಸರುಗಳ ಪಟ್ಟಿ ನೋಡಿದರೂ ಅರ್ಧ ಅನುಮಾನ ಕರಗುತ್ತದೆ. ಅಂತರ್ಜಾಲದಲ್ಲಿ ಒಂದೇ ವಾಕ್ಯ ಹತ್ತು ಕಡೆ ಕಂಡರೆ ಅದು ಹತ್ತು ಸಾಕ್ಷಿಯಲ್ಲ, ಒಂದರಿಂದ ಒಂಬತ್ತು ನಕಲಾಗಿರಬಹುದು.

ಹಂತ 4: ಇನ್ನೊಬ್ಬರಿಗೆ ಹೊಂದುತ್ತದೆಯೇ?

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಈ ಹಂತ. ಬಹುತೇಕ ಜಗಳಗಳು ಹುಟ್ಟುವುದೂ ಇಲ್ಲೇ.

ಮೂರು ಉತ್ತರ ಇಟ್ಟಿದ್ದೀರಿ ಎಂದುಕೊಳ್ಳಿ: ಕೃಷ್ಣದೇವರಾಯ, ಹರಿಶ್ಚಂದ್ರ, ರಾವಣ. ನಿಮ್ಮ ಮನಸ್ಸಿನಲ್ಲಿರುವುದು ರಾಜ್‌ಕುಮಾರ್. ತಂಡವೊಂದು ಎದ್ದು "ಎನ್.ಟಿ. ರಾಮರಾವ್" ಎನ್ನುತ್ತದೆ. ಅವರು ಹೇಳಿದ್ದೂ ಸರಿಯೇ! 1962ರ ತೆಲುಗಿನ ಮಹಾಮಂತ್ರಿ ತಿಮ್ಮರಸುವಿನಲ್ಲಿ ಅವರು ಕೃಷ್ಣದೇವರಾಯ, 1965ರ ತೆಲುಗಿನ ಸತ್ಯ ಹರಿಶ್ಚಂದ್ರದಲ್ಲಿ ಹರಿಶ್ಚಂದ್ರ, ತೆಲುಗಿನ ಭೂಕೈಲಾಸದಲ್ಲಿ ರಾವಣ. ಮೂರಕ್ಕೆ ಮೂರೂ ಹೊಂದಿತು. ಸರಿ, ಕಾಳಿದಾಸ ಮತ್ತು ತುಕಾರಾಂ ಇಟ್ಟು ನೋಡೋಣ ಎಂದರೆ ಅಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ನಿಂತಿದ್ದಾರೆ: 1960ರಲ್ಲಿ ಕಾಳಿದಾಸ, 1973ರಲ್ಲಿ ತುಕಾರಾಂ. ಕನ್ನಡದಲ್ಲೇ ನೋಡಿದರೆ, ಬಿ. ಸರೋಜಾದೇವಿಯವರ ಮೊದಲ ಚಿತ್ರವಾದ 1955ರ ಮಹಾಕವಿ ಕಾಳಿದಾಸದಲ್ಲಿ ನಾಯಕ ಮತ್ತೆ ಅದೇ ಹೊನ್ನಪ್ಪ ಭಾಗವತರ್.

ಹಾಗೆಂದು ಈ ಉತ್ತರಗಳನ್ನು ಬಿಸಾಡಬೇಕಿಲ್ಲ. ದಾರಿ ತಪ್ಪಿಸಲು ಇವೇ ಒಳ್ಳೆಯವು. ಜೊತೆಗೆ ಬೇರೆಯವರಿಗೆ ಹೊಂದದ ಎರಡು ಉತ್ತರಗಳನ್ನಾದರೂ ಇಡಬೇಕು, ನಾನು ಅವನ್ನು ಬೀಗ ಎನ್ನುತ್ತೇನೆ. ರಾಜ್‌ಕುಮಾರ್ ಸುತ್ತಿನಲ್ಲಿ ಮಯೂರ, ಪುಲಕೇಶಿ, ಕನಕದಾಸ ಬೀಗಗಳು. ಹರಿಶ್ಚಂದ್ರ, ಕಾಳಿದಾಸರಿಂದ ಶುರುವಾಗಿ ರಾಮರಾವ್, ನಾಗೇಶ್ವರರಾವ್ ಕಡೆ ಹೋದ ತಂಡ ಕನಕದಾಸ ಬಂದ ಕೂಡಲೇ ನಿಂತು ಯೋಚಿಸುತ್ತದೆ. ಪುಲಕೇಶಿ ಬಂದಾಗ ಬೇರೆ ದಾರಿಯೇ ಇರುವುದಿಲ್ಲ.

ಪರೀಕ್ಷಿಸುವ ಬಗೆ ಸರಳ. ಒಂದು ಹಾಳೆಯ ಎಡಕ್ಕೆ ಉತ್ತರಗಳು, ಮೇಲೆ ಸಮೀಪದ ಪ್ರತಿಸ್ಪರ್ಧಿ ತಾರೆಗಳ ಹೆಸರು. ಯಾರಿಗೆ ಯಾವುದು ಹೊಂದುತ್ತದೋ ಅಲ್ಲಿ ಗುರುತು ಹಾಕಿ. ನಿಮ್ಮ ತಾರೆಯ ಕಂಬ ಮಾತ್ರ ಪೂರ್ತಿ ತುಂಬಿರಬೇಕು. ಇನ್ನೊಂದು ಕಂಬದಲ್ಲಿ ಒಂದೇ ಜಾಗ ಖಾಲಿ ಉಳಿದಿದ್ದರೆ ಅದು ಅಪಾಯ, ಎರಡು ಮೂರು ಖಾಲಿ ಇದ್ದರೆ ನಿಶ್ಚಿಂತೆ.

ತಾರೆಯ ಹೊರಗೂ ಕೊಂಡಿ ಹುಟ್ಟಿಬಿಡಬಹುದು. ಕನಕದಾಸ, ಪುರಂದರದಾಸ, ರಾಘವೇಂದ್ರ ಸ್ವಾಮಿ ಮೂವರನ್ನು ಸಾಲಾಗಿ ಇಟ್ಟರೆ ತಂಡ "ಹರಿದಾಸ ಪರಂಪರೆ" ಎಂದು ಹೇಳಿ ಅಂಕ ಕೇಳುತ್ತದೆ, ಕೊಡದಿದ್ದರೆ ಅನ್ಯಾಯ. ಒಂದು ಕ್ಷೇತ್ರದಿಂದ ಎರಡಕ್ಕಿಂತ ಹೆಚ್ಚು ಉತ್ತರ ಬೇಡ.

ಹಂತ 5: ಪ್ರಶ್ನೆ ಬರೆಯುವುದು

ಒಂದೇ ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಉತ್ತರ ಇಮ್ಮಡಿ ಪುಲಕೇಶಿ.

ಮೊದಲು ಹೊಳೆಯುವುದು: "ಇಮ್ಮಡಿ ಪುಲಕೇಶಿ ಯಾವ ವಂಶದ ದೊರೆ?" ಇದಕ್ಕೆ ಉತ್ತರ ಚಾಲುಕ್ಯ. ಕೊಂಡಿಗೆ ಬೇಕಾದ ಹೆಸರು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ. ಪ್ರಯೋಜನವಿಲ್ಲ.

ಆಮೇಲೆ: "ಹರ್ಷವರ್ಧನನನ್ನು ಸೋಲಿಸಿದ ಬಾದಾಮಿ ಚಾಲುಕ್ಯ ದೊರೆ ಯಾರು?" ಉತ್ತರ ಸರಿಯಾದ ಜಾಗಕ್ಕೆ ಬಂತು. ಆದರೆ ಏಳನೇ ತರಗತಿಯ ಪಾಠದ ಕೊನೆಯ ಪ್ರಶ್ನೆಯಂತಿದೆ. ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಹೊಸದೇನನ್ನೂ ತಿಳಿಯುವುದಿಲ್ಲ.

ಐಹೊಳೆಯ ಮೇಗುಟಿ ಜಿನಾಲಯಕ್ಕೆ ಹೋಗಿ. ಅಲ್ಲಿ ಕ್ರಿ.ಶ. 634ರ ಶಾಸನವಿದೆ, ಬರೆದವನು ರವಿಕೀರ್ತಿ. ಯುದ್ಧದಲ್ಲಿ ಭಯಪಟ್ಟು ಹರ್ಷನ ಹರ್ಷವೇ ಕರಗಿಹೋಯಿತು ಎಂದು ಅವನು ಶ್ಲೇಷೆಯಾಡುತ್ತಾನೆ. ಕಾಳಿದಾಸ, ಭಾರವಿಯರ ಕೀರ್ತಿ ತನಗೂ ಇದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಈಗ ಪ್ರಶ್ನೆ: "ಐಹೊಳೆಯ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿ ತನ್ನ ದೊರೆಯನ್ನು ಹೊಗಳುತ್ತ, ಅವನೆದುರು ಹರ್ಷನೇ ಹರ್ಷ ಕಳೆದುಕೊಂಡ ಎನ್ನುತ್ತಾನೆ. ಯಾರು ಆ ದೊರೆ?" ಹರ್ಷ ಎಂಬ ಹೆಸರು ಕೈಹಿಡಿದು ನಡೆಸುತ್ತದೆ, ಶಾಸನದ ಕತೆ ಉತ್ತರ ಗೊತ್ತಿಲ್ಲದವರಿಗೂ ನೆನಪಿನಲ್ಲಿ ಉಳಿಯುತ್ತದೆ.

ಕಾಳಿದಾಸ, ಭಾರವಿಯರ ಮಾತನ್ನು ಬಿಟ್ಟದ್ದು ಬೇಕೆಂದೇ. ನಮ್ಮ ಸುತ್ತಿನಲ್ಲಿ ಕಾಳಿದಾಸನೇ ಇನ್ನೊಂದು ಉತ್ತರ. ಒಂದು ಪ್ರಶ್ನೆಯ ಒಡಲಲ್ಲಿ ಇನ್ನೊಂದರ ಉತ್ತರ ಕಾಣಿಸಿಕೊಳ್ಳಬಾರದು. ಎಲ್ಲ ಪ್ರಶ್ನೆ ಬರೆದಾದ ಮೇಲೆ ಇದೊಂದು ಕಣ್ಣಿನಿಂದಲೇ ಮತ್ತೆ ಓದಿ.

ಸಿನಿಮಾದ ವಾಸನೆ ಪ್ರಶ್ನೆಗೆ ತಾಕದಿರಲಿ. ಹರಿಶ್ಚಂದ್ರನಿಗೆ ಪ್ರಶ್ನೆ ಬರೆಯಲು ಕೂತರೆ ಕೈ ತಾನಾಗಿ ಫಾಲ್ಕೆಯವರ 1913ರ ಚಿತ್ರದ ಕಡೆ ಹೋಗುತ್ತದೆ. ಅದನ್ನು ಕೇಳಿದರೆ ಇಡೀ ಸುತ್ತು ಸಿನಿಮಾದ ಕಡೆಗೇ ಎಂದು ತಂಡಗಳಿಗೆ ಗೊತ್ತಾಗುತ್ತದೆ. ಅದೂ ಅಲ್ಲದೆ ರಾಜ್‌ಕುಮಾರ್ ಫಾಲ್ಕೆ ಪ್ರಶಸ್ತಿ ಪಡೆದವರು. ಗಾಂಧೀಜಿಯವರ ಆತ್ಮಕಥೆಯ ದಾರಿ ಹಿಡಿದರೆ ಪ್ರಶ್ನೆಯೂ ದೊಡ್ಡದಾಗುತ್ತದೆ, ಗುಟ್ಟೂ ಉಳಿಯುತ್ತದೆ.

ಉತ್ತರದ ರೂಪವನ್ನೂ ಮೊದಲೇ ನಿಶ್ಚಯಿಸಿ. ಪುಲಕೇಶಿ, ಪುಲಿಕೇಶಿ ಎರಡೂ ಬಳಕೆಯಲ್ಲಿವೆ, ಎರಡಕ್ಕೂ ಅಂಕ ಕೊಡಿ. ಮಯೂರಶರ್ಮ, ಮಯೂರವರ್ಮ ಎರಡನ್ನೂ ಒಪ್ಪಿ. ಕಂಠೀರವ ನರಸರಾಜ ಒಡೆಯರ ಪ್ರಶ್ನೆಯಿಟ್ಟರೆ ತಂಡದ ಬಾಯಲ್ಲಿ "ರಣಧೀರ" ಎಂದು ಬಂದು, ರವಿಚಂದ್ರನ್ ಅವರ 1988ರ ಚಿತ್ರದ ಕಡೆಗೆ ಹೊರಳುವುದೂ ಉಂಟು. ಆ ಗೊಂದಲ ಬೇಡವೆಂದರೆ ಆ ಉತ್ತರವನ್ನೇ ಬಿಡಿ.

ಹಂತ 6: ಸಾಲು ಮತ್ತು ಅಂಕ

ಎಲ್ಲರಿಗೂ ಹೊಂದುವ ಉತ್ತರ ಮೊದಲು, ಬೀಗ ಕೊನೆಗೆ. ಪ್ರಶ್ನೆಯ ಕಷ್ಟಕ್ಕೂ ಈ ಸಾಲಿಗೂ ಸಂಬಂಧವಿಲ್ಲ ಎಂಬುದು ನೆನಪಿರಲಿ. ಸುಲಭದ ಪ್ರಶ್ನೆಯ ಉತ್ತರವೂ ಬೀಗವಾಗಿರಬಹುದು, ಆಗ ಅದು ಹಿಂದಕ್ಕೇ ಹೋಗಬೇಕು. ರಾಜ್‌ಕುಮಾರ್ ಪಾತ್ರಗಳ ಪೂರ್ತಿ ಸುತ್ತು ಇಲ್ಲಿದೆ, ಹಾಗೆಯೇ ಬಳಸಬಹುದು:

1. ಕಂಪನಿಯೊಂದು ಆಡಿದ ಈ ರಾಜನ ನಾಟಕ ನೋಡಿದ ಬಾಲಕ ಗಾಂಧಿ, ಎಲ್ಲರೂ ಇವನಂತೆ ಏಕಿರಬಾರದು ಎಂದು ಹಗಲಿರುಳು ಯೋಚಿಸಿದರು. ಯಾರು? (ಹರಿಶ್ಚಂದ್ರ)

2. ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದ ಇವನ ನಾಟಕವನ್ನು ಗಯಟೆ ಮನಸಾರೆ ಹೊಗಳಿದ. ಇವನ ಇನ್ನೊಂದು ಕಾವ್ಯವನ್ನು ಬೇಂದ್ರೆ ಕನ್ನಡಿಸಿದರು. ಯಾರು? (ಕಾಳಿದಾಸ)

3. ಗುರು ಗ್ರಂಥ ಸಾಹಿಬ್‌ನಲ್ಲಿ ಈ ನೇಕಾರನ ಪದಗಳಿವೆ. ಮಗಹರ್‌ನಲ್ಲಿ ಇವನ ಸಮಾಧಿ ಮತ್ತು ಮಜಾರ್ ಎರಡೂ ಇವೆ. ಯಾರು? (ಕಬೀರ)

4. ನರೆದಲೆಗ ಮತ್ತು ವ್ರೀಹಿ ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿ ಶ್ರೀರಾಮನ ಬಳಿ ನ್ಯಾಯ ಕೇಳುವ ಕನ್ನಡ ಕಾವ್ಯ ಬರೆದವರು? (ಕನಕದಾಸ)

5. ರವಿಕೀರ್ತಿಯ ಪ್ರಶ್ನೆ, ಮೇಲೆ ಬರೆದಂತೆ. (ಇಮ್ಮಡಿ ಪುಲಕೇಶಿ)

6. ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನ ಕತೆಯನ್ನು ತಾಳಗುಂದದ ಕಂಬಶಾಸನ ಹೇಳುತ್ತದೆ. ಯಾರು? (ಮಯೂರಶರ್ಮ)

ಅಂಕಕ್ಕೆ ನನ್ನ ಸಲಹೆ ಹೀಗೆ: ಪ್ರತಿ ಉತ್ತರಕ್ಕೆ 10. ಕೊಂಡಿಯನ್ನು ಎರಡನೇ ಪ್ರಶ್ನೆಯಾದ ಮೇಲೆ ಹೇಳಿದರೆ 50, ಮೂರನೆಯದರ ನಂತರ 40, ಹೀಗೆ ಇಳಿಯುತ್ತ ಆರನೆಯದಕ್ಕೆ 10. ಒಂದು ತಂಡಕ್ಕೆ ಒಂದೇ ಅವಕಾಶ. ಕೊಂಡಿಯನ್ನು ಕೂಗಿ ಹೇಳಿಸಬೇಡಿ, ಚೀಟಿಯಲ್ಲಿ ಬರೆಸಿ ತರಿಸಿಕೊಳ್ಳಿ. ಒಂದು ತಂಡ ಬೇಗ ಕಂಡುಹಿಡಿದರೂ ಉಳಿದವರ ಆಟ ಕೆಡುವುದಿಲ್ಲ. ಚೀಟಿಯಲ್ಲಿ ಬರೀ "ರಾಜ್‌ಕುಮಾರ್" ಎಂದಿದ್ದರೆ ಸಾಕೋ, "ಅವರು ಮಾಡಿದ ಪಾತ್ರಗಳು" ಎಂಬ ವಿವರಣೆಯೂ ಬೇಕೋ ಎಂದು ಮೊದಲೇ ಹೇಳಿಬಿಡಿ. ವಿವರಣೆ ಬೇಕೆನ್ನುವುದೇ ಸರಿ, ಇಲ್ಲದಿದ್ದರೆ ಕಣ್ಣುಮುಚ್ಚಿ ಅಣ್ಣಾವ್ರ ಹೆಸರು ಬರೆಯುವವರಿಗೂ ಅಂಕ ಹೋಗುತ್ತದೆ.

ಹಂತ 7: ಇಬ್ಬರ ಮುಂದೆ ಆಡಿಸಿ ನೋಡಿ

ಒಬ್ಬರು ಸಿನಿಮಾ ಬಲ್ಲವರು, ಇನ್ನೊಬ್ಬರು ಇತಿಹಾಸ ಓದಿದವರು. ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಸಿನಿಮಾ ಬಲ್ಲವರು ಎರಡನೇ ಪ್ರಶ್ನೆಗೇ ಕೊಂಡಿ ಹೇಳಿದರೆ ಸಾಲು ಬದಲಿಸಿ. ಇತಿಹಾಸ ಓದಿದವರು ಆರೂ ಉತ್ತರ ಹೇಳಿಯೂ ಕೊಂಡಿ ಹಿಡಿಯದಿದ್ದರೆ ಚಿಂತೆಯಿಲ್ಲ, ತಂಡದಲ್ಲಿ ಇಬ್ಬರೂ ಇರುತ್ತಾರೆ. ಒಬ್ಬರಿಗೆ ಉತ್ತರ ಗೊತ್ತು, ಇನ್ನೊಬ್ಬರಿಗೆ ಕೊಂಡಿ ಗೊತ್ತು, ಇಬ್ಬರೂ ತಲೆ ಹತ್ತಿರ ತಂದು ಪಿಸುಗುಟ್ಟಬೇಕು. ಕೊಂಡಿ ಸುತ್ತಿನ ಸೊಗಸೇ ಅದು. ಇಬ್ಬರಿಗೂ ಉತ್ತರ ಸಿಗದ ಪ್ರಶ್ನೆಯಿದ್ದರೆ ಅದನ್ನು ಸಡಿಲಿಸಿ ಅಥವಾ ತೆಗೆದುಹಾಕಿ. ಆರರಲ್ಲಿ ನಾಲ್ಕಾದರೂ ಸಿಗದಿದ್ದರೆ ಕೊಂಡಿ ಯೋಚಿಸಲು ಯಾರಿಗೂ ಸಾಮಗ್ರಿ ಇರುವುದಿಲ್ಲ.

ಹಂತ 8: ವೇದಿಕೆಯ ಮೇಲೆ

ಪ್ರಶ್ನೆಯನ್ನು ಎರಡು ಸಲ ಓದಿ, ಎರಡನೇ ಸಲ ನಿಧಾನವಾಗಿ. ಉತ್ತರವನ್ನು ಆಗಲೇ ಹೇಳಿಬಿಡಿ, ಪರದೆಯ ಮೇಲೋ ಹಲಗೆಯ ಮೇಲೋ ಬರೆದಿಡಿ. ತಪ್ಪು ಉತ್ತರ ಹೇಳಿದ ತಂಡಕ್ಕೂ ಕೊಂಡಿ ಹುಡುಕುವ ಹಕ್ಕಿದೆ. ಚಿತ್ರ ತೋರಿಸುವುದಾದರೆ ಶಾಸನದ ಫೋಟೊ, ಗುಡಿಯ ಫೋಟೊ ಇರಲಿ, ಸಿನಿಮಾದ ಸ್ಟಿಲ್ ಬೇಡ.

ಕೊಂಡಿ ಬಿಚ್ಚುವಾಗ ಅವಸರ ಮಾಡಬೇಡಿ. ಒಂದೊಂದು ಉತ್ತರದ ಪಕ್ಕದಲ್ಲಿ ಚಿತ್ರದ ಹೆಸರು, ವರ್ಷ ತೋರಿಸುತ್ತ ಹೋಗಿ. ಸಭಿಕರಿಗೆ ಅದು ಸಲ್ಲಬೇಕಾದ ಲೆಕ್ಕ. ಹಿರಿಯರು ಹಾಡಿನ ಸಾಲೊಂದನ್ನು ಗುನುಗಿದರೆ ಗುನುಗಲಿ ಬಿಡಿ. ಯಾರಾದರೂ ನೀವು ಯೋಚಿಸದ ಇನ್ನೊಂದು ಕೊಂಡಿ ಹೇಳಿ, ಅದು ಆರಕ್ಕೆ ಆರೂ ಹೊಂದಿದರೆ ಪೂರ್ತಿ ಅಂಕ ಕೊಡಿ. ಐದಕ್ಕೆ ಹೊಂದಿ ಒಂದಕ್ಕೆ ಹೊಂದದಿದ್ದರೆ ಯಾವುದಕ್ಕೆ ಹೊಂದುತ್ತಿಲ್ಲ ಎಂದು ತೋರಿಸಿ ಮುಂದುವರಿಯಿರಿ.

ಕೈ ಪಳಗಿಸಿಕೊಳ್ಳಲು ಒಂದು ಸುತ್ತು

ಇದು ಶೀರ್ಷಿಕೆಗಳ ಕೊಂಡಿ. ಉತ್ತರ ಇಲ್ಲಿ ಬರೆಯುತ್ತಿಲ್ಲ. ಮೊದಲ ಎರಡು ಉತ್ತರ ಇಬ್ಬರು ತಾರೆಗಳಿಗೆ ಸಮವಾಗಿ ಹೊಂದುತ್ತವೆ, ಆಮೇಲಿನವು ಒಬ್ಬರನ್ನು ಬೇರ್ಪಡಿಸುತ್ತವೆ. ಬೀಗ ಎಲ್ಲಿದೆ ಎಂದು ನೋಡಿ.

1. ಭಾರತದಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವ ನಾಲ್ಕು ವಿಷಸರ್ಪಗಳಲ್ಲಿ ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಮೂರು. ಹೆಡೆ ಬಿಚ್ಚುವ ನಾಲ್ಕನೆಯದು?

2. ಐರಾವತ, ಪುಂಡರೀಕ, ವಾಮನ, ಕುಮುದ, ಅಂಜನ, ಪುಷ್ಪದಂತ, ಸಾರ್ವಭೌಮ, ಸುಪ್ರತೀಕ. ಎಂಟು ದಿಕ್ಕು ಹೊತ್ತು ನಿಂತ ಇವರನ್ನು ಒಟ್ಟಾಗಿ ಏನೆನ್ನುತ್ತಾರೆ?

3. ಇಕ್ಷ್ವಾಕು, ದಿಲೀಪ, ರಘು, ದಶರಥ ಹುಟ್ಟಿದ ಮನೆತನಕ್ಕೆ ಪುರಾಣಗಳಲ್ಲಿರುವ ಹೆಸರು?

4. "ಕೌಸಲ್ಯಾ ಸುಪ್ರಜಾ ರಾಮ" ಎಂದು ಶುರುವಾಗುವ, ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ ಮನೆಮನೆ ತಲುಪಿದ ಸ್ತೋತ್ರ ಯಾವ ಪ್ರಕಾರದ್ದು?

5. ಕವಚ ಕುಂಡಲಗಳನ್ನು ಇಂದ್ರನಿಗೆ ಬಿಚ್ಚಿಕೊಟ್ಟ ದಾನಿ ಯಾರು?